ಮೈಮುವಿನ ಮಂಚದಡಿಯ ಕಿಂಡಿ

ಮೂರು ಕೋಣೆ, ಒಂದು ಅಡುಗೆಮನೆ,
ಇಂಟರ್ನೆಟ್ಟಿಗೆ ಗೋಡೆಯಲ್ಲಿ ಒಂದೇ ಒಂದು ಕಿಂಡಿ,
ಅದೂ ಮೈಮುವಿನ ಮಂಚದಡಿ,
ಅವಳ ಚಳಿಗಾಲದ ಬೂಟುಗಳ ಹಿಂದೆ.
ತಾರ್ತುವಿನ ಈ ಹಳೆಯ ಹಾಸ್ಟೆಲಿನಲ್ಲಿ
ಯಾರೋ ಎಂದೋ ಲೆಕ್ಕ ಹಾಕಿದ್ದರು:
ಮನೆಗೊಂದು ಯಂತ್ರ ಸಾಕು.

ನಮ್ಮ ಲೆಕ್ಕ ಬೇರೆ.
ಮೈಮುವಿನದು ಒಂದು, ನನ್ನವು ಎರಡು,
ಹಾರ್ದಿಯವನ್ನು ಎಣಿಸಲು ಹೋಗಬಾರದು:
ಸಾರೆಮಾ ದ್ವೀಪದಿಂದ ದೋಣಿ ಹತ್ತುವಾಗಲೇ ಹೊತ್ತು ತಂದ
ಟಿವಿ, ಆಟದ ಪೆಟ್ಟಿಗೆ,
ಮುಚ್ಚಳವಿಲ್ಲದೆ ಹೊಟ್ಟೆ ಕಾಣುವ ಕಂಪ್ಯೂಟರು.

ಮೊದಲ ತಿಂಗಳು ಸರದಿ.
ನನ್ನ ಗಂಟೆ ಬಂದಾಗ
ಮೈಮುವಿನ ಹಾಸಿಗೆಯ ತುದಿಯಲ್ಲಿ
ಡಾಕ್ಟರ ಮುಂದೆ ಕೂತ ಹಾಗೆ ಮೊಣಕಾಲು ಜೋಡಿಸಿ
ಪ್ರಯೋಗದ ವರದಿ ಕಳಿಸುತ್ತಿದ್ದೆ.
ಅವಳು ಗೋಡೆಯ ಕಡೆ ತಿರುಗಿ
ನಿದ್ದೆ ಬಂದವಳ ಹಾಗೆ ಉಸಿರಾಡುತ್ತಿದ್ದಳು.

ಆಮೇಲೆ ಸ್ವಿಚ್ಚು. ಹನ್ನೊಂದು ಯೂರೋ, ಐದು ಬಾಯಿಯ ಡಬ್ಬಿ.
ಒಂದು ಉಂಡಿತು, ಉಳಿದವು ಉಪವಾಸ.
ಕಿಂಡಿಗೆ ಗೊತ್ತಿದ್ದುದು ಮೈಮುವಿನ ಲ್ಯಾಪ್‌ಟಾಪು,
ಅದರ ಹನ್ನೆರಡಕ್ಷರದ ಜಾತಕ.
ಬೇರೆ ಯಾರು ತಟ್ಟಿದರೂ ಕದ ತೆಗೆಯದು.

'ಹಾಗಾದರೆ ರೌಟರು,' ಎಂದ ಹಾರ್ದಿ.
ಹಳೆ ಸಾಮಾನಿನ ಅಂಗಡಿಯದು, ಏಳು ಯೂರೋ, ಒಂದು ಕೋಡು ಮುರಿದದ್ದು.
'ಇದಕ್ಕೆ ಅವಳ ಲ್ಯಾಪ್‌ಟಾಪಿನ ಜಾತಕವನ್ನೇ ಬರೆಯೋಣ,
ಹಿಂದೆ ಎಲ್ಲರೂ ಅಡಗಿ ಕೂರೋಣ.
ಗೋಡೆಗೇನು ಗೊತ್ತಾಗುತ್ತೆ?'

ಗೋಡೆಗೆ ಗೊತ್ತಾಗಲಿಲ್ಲ.
ಮಹಡಿಗೆಲ್ಲ ಗೊತ್ತಾಯಿತು.

ಗೋಡೆಯ ತಂತಿ ನೀಲಿ ತೂತಿಗೆ ಹೋಗಬೇಕಿತ್ತು.
ಬೂಟುಗಳ ನಡುವೆ ಮಕಾಡೆ ಮಲಗಿ, ಕತ್ತಲಲ್ಲಿ,
ಹಳದಿಗೆ ಸಿಕ್ಕಿಸಿದವಳು ನಾನು.
ಬೇಡುವ ಪೆಟ್ಟಿಗೆ ದಾನಕ್ಕೆ ನಿಂತಿತು:
ಮೂರನೇ ಮಹಡಿಯ ಯಂತ್ರಗಳನ್ನೆಲ್ಲ ಕರೆಕರೆದು
ವಿಳಾಸ ಹಂಚಿತು,
ಎಲ್ಲಿಗೂ ಹೋಗದ ದಾರಿಯ ವಿಳಾಸ.

ರಾತ್ರಿ ಹನ್ನೊಂದು. ಎಮಾಯೋಗಿ ನದಿ ಹೆಪ್ಪುಗಟ್ಟಿದ ವಾರ.
ಒಂದೊಂದೇ ಬಾಗಿಲು ತೆರೆಯಿತು.
ಎರಡು ವರ್ಷ ಲಿಫ್ಟಿನಲ್ಲಿ ತಂತಮ್ಮ ಬೂಟು ನೋಡುತ್ತ ನಿಂತವರು
ಉಣ್ಣೆಯ ಕಾಲುಚೀಲದಲ್ಲಿ ಹೊರಬಂದು
'ನಿಮಗೂ ಹೋಯಿತೆ?'
'ನಮಗೂ.'
ಹನ್ನೆರಡರೊಳಗೆ ಪ್ರಬಂಧ ಕಳಿಸಬೇಕಾದ ಲೇಲೋ
ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದಳು.
ಯಾರೋ ಕರಿಬ್ರೆಡ್ಡು ತಂದರು, ಯಾರೋ ಉಪ್ಪುಮೀನಿನ ಡಬ್ಬಿ.

ನೆಟ್‌ವರ್ಕಿನ ಎಂಡೆಲ್ ಬಂದ, ಪೈಜಾಮದ ಮೇಲೆ ಕೋಟು.
ಬಾಗಿಲು ಬಾಗಿಲಿಗೆ ತಂತಿ ಕಿತ್ತು ನೋಡುತ್ತ
ಕೊನೆಗೆ ನಮ್ಮಲ್ಲಿ ಮೊಣಕಾಲೂರಿದ,
ಮಂಚದಡಿ ಕೈಚಾಚಿ ತಂತಿಯನ್ನು
ಒಂದು ಬೆರಳಿನಷ್ಟು ಆಚೆಗೆ ಸರಿಸಿದ.
'ಎಷ್ಟು ಯಂತ್ರ?'
'ಒಂದು,' ಎಂದಳು ಮೈಮು.
ಮಿಣಮಿಣ ಎನ್ನುವ ದೀಪಗಳನ್ನು ಅವನು ನೋಡಿದ,
ಬ್ರೆಡ್ಡು ಅಗಿಯುತ್ತ ಪುಸ್ತಕದಲ್ಲಿ ಬರೆದ: ಒಂದು.

ಈಗ ಹೊರಜಗತ್ತಿಗೆ ನಾವೆಲ್ಲ ಒಬ್ಬಳೇ.
ಹಾರ್ದಿ ಗಾಳ ಹುಡುಕಿದರೆ
ಮೈಮುವಿಗೆ ಮೀನುಗಾರಿಕೆಯ ಜಾಹೀರಾತು.
ಅವಳ ಮದುವೆಯಾದ ಅಕ್ಕನಿಗೆ ಉಡುಗೊರೆ ಹುಡುಕಿದರೆ
ನನಗೆ ಉಂಗುರಗಳು.
ನಗುತ್ತಿದ್ದೆವು.

ಫೆಬ್ರವರಿಯ ಒಂದು ರಾತ್ರಿ ನಾನು
ಅಪ್ಪನ ವರದಿಯಲ್ಲಿದ್ದ ಪದವೊಂದನ್ನು ಹುಡುಕಿದೆ,
ಮೂರು ಭಾಷೆಗಳಲ್ಲಿ, ಬೆಳಗಿನ ತನಕ.
ಯಾರಿಗೂ ಹೇಳಲಿಲ್ಲ.

ಮೂರನೇ ದಿನ ಮೈಮು
ನನ್ನ ಮೇಜಿನ ಮೇಲೆ ಚಹಾ ಇಟ್ಟಳು.
ಏನೂ ಕೇಳಲಿಲ್ಲ.
ಅವಳ ಪರದೆಯಲ್ಲಿ ಏನೇನು ಬಂದು ನಿಂತಿತ್ತೋ,
ಯಾವ ಆಸ್ಪತ್ರೆಯ ಹೆಸರೋ.
ಹೊರಡುವಾಗ ಬಾಗಿಲೆಳೆದಳು.
ಅದು ಪೂರ್ತಿ ಮುಚ್ಚುವುದಿಲ್ಲ,
ಕೆಳಗೆ ತಂತಿಯಿದೆ.